ಭುಯಾರ ಮನೆಯ ಶರಬತ್ತು

ಸೊಲೈಮಾನ್ ಭುಯಾರಿಗೆ ತೆಳ್ಳಗಿನದೆಲ್ಲವೂ ಅವಮಾನ: ತೆಳ್ಳಗಿನ ಹಾಲು, ತೆಳ್ಳಗಿನ ಬೇಳೆಸಾರು, ತೆಳ್ಳಗಿನ ಮನುಷ್ಯನಾದ ನಾನು. ಮೇಘನಾ ನದಿಯ ದಂಡೆಯ ಹನ್ನೊಂದು ಹಳ್ಳಿಗಳಿಗೆ ಅವರು ಚೇರ್ಮನ್. ಅದೇ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಭೇದಿ ಹತ್ತಿದವರಿಗೆ ಕುಡಿಸುವ ನೀರನ್ನು ಕಲಸುವುದು ಹೇಗೆಂದು ಹೆಂಗಸರಿಗೆ ಕಲಿಸುತ್ತಿದ್ದವನು ನಾನು. ಅರ್ಧ ಸೇರು ನೀರು, ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ಅವರು ಕಲಸಿದ್ದನ್ನು ಕುಡಿದು ನೋಡಿ ಸರಿಯೋ ತಪ್ಪೋ ಹೇಳುವುದೂ ನನ್ನದೇ ಕೆಲಸ. ಕಣ್ಣೀರಿಗಿಂತ ಉಪ್ಪಾಗಿರಬಾರದು, ಬೆಲ್ಲ ಹಿಡಿ ಮೀರಬಾರದು. ಈ ಪಾಠ ತಮ್ಮ ಅಂಗಳದಲ್ಲಿ ನಡೆದ ದಿನ ಭುಯಾ ಜಗಲಿಯಲ್ಲಿ ಕುಳಿತು, ಇದು ದೋಣಿ ನಡೆಸುವವರ ಔಷಧವೆಂದು ನಕ್ಕಿದ್ದರು.

ಎಂಬತ್ತರ ದಶಕದ ಆ ಚೈತ್ರದಲ್ಲಿ ಕೆರೆಗಳು ತಳ ಕಂಡವು, ಕಾಲರಾ ಬಂತು. ಅದಕ್ಕೆ ಮನೆತನ ವಿಚಾರಿಸುವ ಸೌಜನ್ಯವಿಲ್ಲ. ಭುಯಾರ ಸೊಸೆ ಲತೀಫಾ ಚಾಪೆ ಹಿಡಿದಳು. ಬೆಳಿಗ್ಗೆ ನನ್ನನ್ನು ಕರೆಸಿದಾಗ, ಅಕ್ಕಿ ತೊಳೆದ ನೀರಿನಂಥ ಭೇದಿ ಆಗಲೇ ಎರಡು ಬೋಗುಣಿ ತುಂಬಿತ್ತು. ಸಲೈನ್ ಹಾಕುವ ಆಸ್ಪತ್ರೆ ದೂರ. ಸಂಜೆ ಉಬ್ಬರಕ್ಕೆ ಕಾಲುವೆಯಲ್ಲಿ ನೀರೇರುವ ತನಕ ದೋಣಿ ಕದಲದು. ಅಲ್ಲಿಯವರೆಗೆ ಅವಳನ್ನು ಉಳಿಸಬಲ್ಲದ್ದು ದೋಣಿಯವರ ಔಷಧವೊಂದೇ.

ಅದು ಸಿದ್ಧವಾಗಿಯೂ ಇತ್ತು. ಅಳಿಯಂದಿರು ಬಂದಾಗ ಮಾತ್ರ ತೆರೆಯುವ ಮಡಕೆಯಿಂದ ಚಳಿಗಾಲದ ಈಚಲ ಬೆಲ್ಲ ತೆಗೆದು, ಅತ್ತೆ ಕರೀಮುನ್ನಿಸಾ ತಾವೇ ಕಲಸಿದ್ದರು. ಭುಯಾ ಲೋಟವನ್ನು ನನ್ನ ಮುಂದೆ ಹಿಡಿದರು.

"ಕುಡಿದು ನೋಡು ಮಿಯಾ. ನಿನ್ನ ಬಡವರ ನೀರಲ್ಲ ಇದು, ಭುಯಾರ ಮನೇದು. ಹ್ಯಾಗಿದೆ?"

ಅಕ್ಕಿ ಹಾಕಲು ಮರೆತ ಪಾಯಸದಂತಿತ್ತು. ಹಿಡಿ ಬೆಲ್ಲ ಬೇಕಾದಲ್ಲಿ ನಾಲ್ಕು ಹಿಡಿ ಬಿದ್ದಿತ್ತು. ಆದರೆ ನಮ್ಮ ಕಡೆ ಮನೆಯವರು ಕೈಯಾರೆ ಕೊಟ್ಟದ್ದಕ್ಕೆ ಅತಿಥಿ ಆಡಬೇಕಾದ ಮಾತು ಅವನು ಹೊಸ್ತಿಲು ದಾಟುವ ಮೊದಲೇ ನಿಶ್ಚಯವಾಗಿರುತ್ತದೆ. ಸಣ್ಣ ಪತ್ರಿಕೆಗಳಲ್ಲಿ ಅಧಿಕಾರದ ವಿರುದ್ಧ ಪ್ರಾಸವಿಲ್ಲದ ಸಾಲುಗಳನ್ನು ಅಚ್ಚು ಹಾಕಿಸಿ, ಮೌನವೂ ಒಂದು ಅಪರಾಧವೆಂದು ಸಾರಿದ್ದ ಈ ಮೋತಾಹರ್, ಅಂದರೆ ನಾನು, ಮೌನವಾಗಿಯಾದರೂ ಇರಬಹುದಿತ್ತು.

"ಚೆನ್ನಾಗಿದೆ," ಎಂದೆ. ಹಾಗೆ ಹೇಳಿ, ಮುಂದಿನ ಮನೆಗೆ ಹೊರಟೆ.

ಕಾಲರಾದ ವಿಷ ಕರುಳನ್ನು ಹರಿಯುವುದಿಲ್ಲ, ಸುಡುವುದಿಲ್ಲ. ಒಳಗೋಡೆಗೆ ಅಂಟಿಕೊಂಡು, ಉಪ್ಪುನೀರನ್ನು ಹೊರಕ್ಕೆ ಸುರಿಯುತ್ತಲೇ ಇರೆಂದು ಆಜ್ಞೆ ಹೊರಡಿಸುತ್ತದೆ. ಉಪ್ಪು ಮರಳಿ ಒಳಬರುವ ಹೆಬ್ಬಾಗಿಲನ್ನೂ ಮುಚ್ಚಿಸುತ್ತದೆ. ಆದರೂ ಅದರ ಆಜ್ಞೆ ನಡೆಯದ ಒಂದು ಕಿರುಬಾಗಿಲು ಉಳಿದಿರುತ್ತದೆ. ಅಲ್ಲಿ ಸಿಹಿಯೂ ಉಪ್ಪೂ ಜೊತೆಯಾಗಿಯೇ ಒಳಹೋಗಬೇಕು. ನೀರು ಅವುಗಳ ಹಿಂದೆ ಹೋಗುತ್ತದೆ. ಸಿಹಿ ಅತಿಯಾದರೆ ಒಳಹೋಗಲಾರದೆ ಕರುಳಿನಲ್ಲೇ ಠಿಕಾಣಿ ಹೂಡಿ, ಮೈಯ ನೀರನ್ನೇ ತನ್ನತ್ತ ಎಳೆಯುತ್ತದೆ. ವಿಷ ಮಾಡುತ್ತಿದ್ದ ಕೆಲಸಕ್ಕೆ ಭುಯಾರ ಔದಾರ್ಯ ಕೈಜೋಡಿಸಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ತುಟಿ ಒರೆಸಿಕೊಂಡು ಬಿದಿರ ಸೇತುವೆ ದಾಟಿದ್ದೆ.

ಮಧ್ಯಾಹ್ನ ಮರಳಿದಾಗ ಬೋಗುಣಿ ಮತ್ತೆ ಮೂರು ಸಲ ತುಂಬಿತ್ತು. ಲತೀಫಾಳ ಹೊಟ್ಟೆಯ ಚರ್ಮವನ್ನು ಅತ್ತೆ ಚಿವುಟಿ ಬಿಟ್ಟರೆ ಎದ್ದ ಸುಕ್ಕು ಹಾಗೆಯೇ ನಿಲ್ಲುತ್ತಿತ್ತು. ಕುಡಿದದ್ದೆಲ್ಲ ಹೊರಬರುವುದರಿಂದ ಇನ್ನು ಒಂದು ಹನಿಯನ್ನೂ ಕೊಡಕೂಡದು, ಕರುಳು ಒಣಗಿದರೆ ಭೇದಿ ತಾನಾಗಿ ನಿಲ್ಲುತ್ತದೆ ಎಂದು ಭುಯಾ ತೀರ್ಪು ಕೊಟ್ಟಿದ್ದರು. ನಿಲ್ಲುವುದೇನೋ ನಿಜ. ಎಲ್ಲವೂ ನಿಲ್ಲುತ್ತಿತ್ತು.

"ನೀನೇ ಅಲ್ವೇನಯ್ಯ ಚೆನ್ನಾಗಿದೆ ಅಂದೋನು?" ಎಂದರು.

"ನಾನು ಸುಳ್ಳು ಹೇಳಿದ್ದೆ, ಚೇರ್ಮನ್ ಸಾಹೇಬ್ರೇ. ಅದು ಕೆಟ್ಟದಾಗಿತ್ತು. ನಿಮ್ಮ ಬೆಲ್ಲಾನೇ ಅವರ ನೀರು ಹೀರ್ತಾ ಇರೋದು."

ಭುಯಾರ ಮನೆಯದನ್ನು ಕೆಟ್ಟದೆಂದವರು ಅದುವರೆಗೆ ಯಾರೂ ಇರಲಿಲ್ಲ; ಏನು ಮಾಡಬೇಕೆಂಬುದು ಅವರಿಗೆ ಹೊಳೆಯುವ ಮೊದಲೇ ಕಲಸಿ ಉಳಿದಿದ್ದ ಶರಬತ್ತನ್ನು ಅಂಗಳಕ್ಕೆ ಸುರಿದೆ. ಇರುವೆಗಳಾದರೂ ಅದನ್ನು ಮನಸಾರೆ ಹೊಗಳಿದವು.

ಕಾಯಿಸಿ ಆರಿಸಿದ ನೀರು ತರಿಸಿ, ಒಂದೇ ಹಿಡಿ ಬೆಲ್ಲ, ಮೂರು ಬೆರಳ ಉಪ್ಪು ಹಾಕಿಸಿದೆ. ರುಚಿ ನೋಡುವ ಅಧಿಕಾರವನ್ನು ನನ್ನ ನಾಲಗೆ ಬೆಳಿಗ್ಗೆಯೇ ಕಳೆದುಕೊಂಡಿತ್ತು. ಕರೀಮುನ್ನಿಸಾ ಚಾಚಿಯ ಕೆನ್ನೆ ಕಣ್ಣೀರಿನಿಂದ ಒದ್ದೆಯಾಗಿತ್ತು.

"ಮೊದಲು ಅದನ್ನ ನೆಕ್ಕಿ ನೋಡಿ ಚಾಚಿ, ಆಮೇಲೆ ಇದನ್ನ," ಎಂದೆ.

ಅವರು ಎರಡನ್ನೂ ನೋಡಿದರು. "ಕಣ್ಣೀರಿಗಿಂತ ಉಪ್ಪು ಕಮ್ಮೀನೇ. ಆದ್ರೆ ಎಂಥ ಸಪ್ಪೆ, ಮೋತಾಹರ್. ನೆಂಟರಿಗೆ ಕೊಡೋ ಹಾಗಿಲ್ಲ."

"ನೆಂಟರಿಗಲ್ಲ ಚಾಚಿ, ನಿಮ್ಮ ಸೊಸೆಗೆ."

ಗಂಡನ ಕಡೆ ನೋಡದೆ ಅವರು ಚಮಚ ಹಿಡಿದು ಕುಳಿತರು. ಲತೀಫಾ ಒಂದೆರಡು ಸಲ ಕಕ್ಕಿದಳು. ಸ್ವಲ್ಪ ತಡೆದು ಮತ್ತೆ ಕುಡಿಸಿದರು. ಕಾಲುವೆಯಲ್ಲಿ ನೀರೇರುವ ಹೊತ್ತಿಗೆ ಅವಳಿಗೆ ಮೂತ್ರವಾಯಿತು. ಮೈಯಲ್ಲಿ ನೀರು ನಿಂತಿತೆಂಬ ಆ ಸುದ್ದಿ ಕೇಳಿ ನಾನು ಪಟ್ಟ ಸಂತೋಷವನ್ನು ಯಾವ ಕವಿತೆಯೂ ನನಗೆ ಕೊಟ್ಟಿಲ್ಲ. ದೋಣಿಯಲ್ಲಿ ಮಲಗಿಸುವಾಗ ಅವಳು ಅನ್ನ ಕೇಳಿದಳು. ಕೊಡಿ ಎಂದೆ, ಚಾಚಿ ಕಟ್ಟಿಕೊಟ್ಟರು.

ಅವಳು ಆಸ್ಪತ್ರೆಯಿಂದ ಮರಳಿದ ಮೇಲೆ, ಸೊಸೆಯನ್ನು ಉಳಿಸಿದ್ದು ತಮ್ಮ ಮನೆಯ ಈಚಲ ಬೆಲ್ಲವೆಂದು ಭುಯಾ ಚಹಾದಂಗಡಿಗಳ ಬೆಂಚುಗಳಲ್ಲಿ ಹೇಳಿಕೊಂಡು ತಿರುಗಿದರು. ಜನ ತಲೆದೂಗಿದರು, ಅತಿಥಿಗಳೇ ತುಂಬಿದ ಊರು.

ಭಾದ್ರಪದದಲ್ಲಿ ಪಾಠಕ್ಕೆ ಮತ್ತೆ ಅದೇ ಅಂಗಳಕ್ಕೆ ಹೋದೆ. ನೆರೆಮನೆಯ ಹೆಂಗಸರ ನಡುವೆ ಕುಳಿತು ಕಲಸುತ್ತಿದ್ದವಳು ಲತೀಫಾ. ಭುಯಾ ಜಗಲಿಯಿಂದ ಕೇಳಿದರು, "ಹ್ಯಾಗಿದೆ ಮಿಯಾ, ನಮ್ಮ ಮನೇದು?"

ಕುಡಿದು ನೋಡಿದೆ. "ಸಪ್ಪೆ, ಸಾಹೇಬ್ರೇ. ಸರಿಯಾಗಿದೆ."

ಲತೀಫಾ ಸೆರಗು ಸರಿಪಡಿಸಿಕೊಂಡು ತಗ್ಗಿದ ದನಿಯಲ್ಲಿ, "ಮಾವನವರ ಬೆಲ್ಲ ಮಡಕೇಲೇ ಭದ್ರವಾಗಿದೆ, ಭಾಯಿ," ಎಂದಳು.