ಕದಿರಮ್ಮನ ಗುಂಡಿಗೆ

ಕದಿರಮ್ಮನ ಗುಂಡಿಗೆ ವೀಕಾಗಿತ್ತು ಅಂತ ಚಿಂತಾಮಣಿಯ ಡಾಕ್ಟರು ಹೇಳಿದಾಗ ಅಂಬಾಜಿದುರ್ಗದ ಕೆಳಗಿನ ಆ ಊರಿಗೆಲ್ಲ ಆಶ್ಚರ್ಯವಾಯಿತು. ಹನ್ನೊಂದು ಜನಕ್ಕೆ ರಾಗಿ ಬೀಸಿ, ಕೊಡದ ಮೇಲೆ ಕೊಡ ನೀರು ಹೊತ್ತು, ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿದ ಮೇಲೂ ಗಂಡನ ಜೊತೆ ಜಗಳಕ್ಕೆ ಉಸಿರು ಉಳಿಸಿಕೊಳ್ಳುತ್ತಿದ್ದ ಹೆಂಗಸು. ಅವಳ ಗುಂಡಿಗೆ ಅಷ್ಟು ನಾಜೂಕೆಂದು ಮೂವತ್ತೆಂಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಅಂಥದ್ದೆಲ್ಲ ಓದಿದವರ ಕಣ್ಣಿಗೇ ಕಾಣಬೇಕು, ಅದೂ ಸತ್ತ ಮೇಲೆ.

ನಡೆದದ್ದು ಇಷ್ಟು. ೧೯೫೯ರ ಶ್ರಾವಣದಲ್ಲಿ ಕದಿರಮ್ಮನ ಕಾಲಿಗೆ ಜಾಲಿಮುಳ್ಳು ಚುಚ್ಚಿ ಕೀವಾಯಿತು. ಮಗಳು ಅಮ್ಮಾಜಮ್ಮ ಬಸ್ಸಿನಲ್ಲಿ ಚಿಂತಾಮಣಿಗೆ ಕರೆದುಕೊಂಡು ಹೋದಳು. ಡಾಕ್ಟರು ಬಾಟ್ಲಿಯ ಬಿಳೀ ಪುಡಿಗೆ ನೀರು ಬೆರೆಸಿ ಸೂಜಿಗೆ ತುಂಬುತ್ತಿದ್ದರು. ಕದಿರಮ್ಮ ನೋಡಿ, "ಸ್ವಾಮಿ, ಹೋದ ವರ್ಷ ಗೌರಿಬಿದನೂರಲ್ಲಿ ಇದೇ ಸೂಜಿ ಹಾಕಿದ್ರು. ಮೈಯೆಲ್ಲ ದದ್ದೆದ್ದು ಮುಖ ಊದ್ಕೊಂಡಿತ್ತು. ಇನ್ಮೇಲೆ ಹಾಕಿಸ್ಕೋಬೇಡ ಅಂದಿದ್ರು," ಅಂದಳು.

"ಹಂಗಾದ್ರೆ ಈ ಕುರ್ಚೀಲಿ ನೀನೇ ಕೂತ್ಕೊಳಮ್ಮ, ನಾನು ಬೆಂಚಿನ ಮೇಲೆ ಮಲಕ್ಕೋತೀನಿ," ಅಂದರು ಡಾಕ್ಟರು. ಕಾಂಪೌಂಡರ್ ನಕ್ಕ. ಕದಿರಮ್ಮ ನಾಚಿಕೊಂಡು ತೋಳು ಚಾಚಿದಳು. ಹತ್ತು ನಿಮಿಷದಲ್ಲಿ ಉಸಿರು ಸಿಗದೆ, ಮಗಳ ಕೈ ಹಿಡಿದುಕೊಂಡೇ ಹೋಗಿಬಿಟ್ಟಳು.

ಡಾಕ್ಟರು ಸ್ವಂತ ಕಾರಿನಲ್ಲಿ ಹೆಣ ಕಳಿಸಿಕೊಟ್ಟರು. ಊರಿಗೆ ಅದೇ ದೊಡ್ಡ ಸುದ್ದಿ. "ಪುಣ್ಯವಂತೆ ಕಣಪ್ಪ, ಕಾರಲ್ಲಿ ಬಂದ್ಲು!" ಅಂತ ಪಟೇಲ ವೆಂಕಟರಾಮಪ್ಪ ಕದಿರಮ್ಮನ ಗಂಡ ರಾಮಾಂಜಿನಪ್ಪನಿಗೆ ಸಮಾಧಾನ ಹೇಳಿದ. ಇಂಥ ಸಮಾಧಾನದ ನಂತರವೂ ರಾಮಾಂಜಿನಪ್ಪ ಊಟ ಬಿಟ್ಟು ಕೂತಿದ್ದ.

ಅಮ್ಮಾಜಮ್ಮ ಕಂಡದ್ದನ್ನೆಲ್ಲ ಅಪ್ಪನಿಗೆ ಹೇಳಿದಳು. ಸ್ಕೂಲು ಮೇಷ್ಟ್ರು ಅನಂತರಾಮಯ್ಯ ಸರ್ಕಾರಕ್ಕೆ ಅರ್ಜಿ ಬರೆದುಕೊಟ್ಟರು. ಮೂರು ತಿಂಗಳಾದ ಮೇಲೆ ವಿಚಾರಣೆಗೆಂದು ಇನ್ನೂ ದೊಡ್ಡ ಡಾಕ್ಟರೊಬ್ಬರು ಬಂದರು. ಅವರ ಮಧ್ಯಾಹ್ನದ ಊಟ ಚಿಂತಾಮಣಿ ಡಾಕ್ಟರ ಮನೆಯಲ್ಲೇ ಆಯಿತು. ಸತ್ಯವನ್ನು ಹತ್ತಿರದಿಂದ ನೋಡಬೇಕಲ್ಲ! ಊಟವಾದ ಮೇಲೆ ಅಮ್ಮಾಜಮ್ಮನನ್ನು ಕರೆಸಿದರು.

"ನಿಮ್ಮಮ್ಮ ಔಷಧಿ ಹೆಸರು ಹೇಳಿದ್ಲಾ?"

"ಇದೇ ಸೂಜಿ ಅಂದ್ಲು ಸ್ವಾಮಿ."

"ಹೆಸರು?"

"ಹೆಸರು ಗೊತ್ತಿರ್ಲಿಲ್ಲ."

ಅವರು ಪೆನ್ನು ಮುಚ್ಚಿದರು. 'ರೋಗಿಯು ಸರಿಯಾದ ಮಾಹಿತಿ ನೀಡಿರುವುದಿಲ್ಲ' ಎಂದು ತೀರ್ಮಾನವಾಯಿತು. ಹೀಗೆ ತಪ್ಪೂ ಸಿಕ್ಕಿತು, ತಪ್ಪು ಮಾಡಿದವಳೂ ಸಿಕ್ಕಳು. ಶಿಕ್ಷೆಯಂತೂ ಮೊದಲೇ ಆಗಿಹೋಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಪಕ್ಕದ ಮನೆಯ ಕೊಂಡಪ್ಪ ಬೆನ್ನಿನ ಕುರುವಿಗೆ ಅದೇ ಡಾಕ್ಟರ ಹತ್ತಿರ ಹೋಗಿಬಂದ. ಸೀದಾ ಇವರ ಜಗಲಿಗೇ ಬಂದು ಕೂತ.

"ಏನು ಜೋಪಾನ ಅಂತೀಯ ರಾಮಾಂಜಿನಪ್ಪ! ಮೊದ್ಲು ಒಂದೇ ಹನಿ ಚುಚ್ಚಿ ಅರ್ಧ ಗಂಟೆ ಕೂರಿಸ್ತಾರೆ. ಮುಂಚೆ ದದ್ದೆದ್ದಿತ್ತಾ, ಮುಖ ಊದಿತ್ತಾ ಅಂತ ಎರಡೆರಡು ಸಲ ಕೇಳ್ತಾರೆ. ಅಂಥೋರ ಮೇಲೆ ಅರ್ಜಿ ಹಾಕಿದ್ರಲ್ಲ ನೀವು!"

"ಯಾವಾಗಿಂದ ಹಂಗೆ ಕೇಳ್ತಾರಂತೆ?"

"ಶ್ರಾವಣದಿಂದ ಅಂತ ಕಾಂಪೌಂಡರ್ ಅಂದ."

ರಾಮಾಂಜಿನಪ್ಪ ಎದ್ದು ಒಳಗೆ ಹೋದ. ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಅಳದವನು ಗೋಡೆಗೊರಗಿ ಬಿಕ್ಕಿಬಿಕ್ಕಿ ಅತ್ತ. ಅಮ್ಮಾಜಮ್ಮ ಪಕ್ಕದಲ್ಲಿ ಬಂದು ಕೂತಳು.

"ಅವ್ರಿಗೆ ಗೊತ್ತು ಕಣಮ್ಮ," ಅಂದ.

"ಹೂಂ, ಗೊತ್ತಪ್ಪ."

ಹೊರಗೆ ಕೊಂಡಪ್ಪ, ಕೇಳುವವರಿಲ್ಲದಿದ್ದರೂ, ಡಾಕ್ಟರನ್ನು ಹೊಗಳುತ್ತಲೇ ಇದ್ದ.