ಪರದೆ ಬಳಿದು ಮುಚ್ಚಿದ ಹುಡುಗಿ

ವಿಯೋಲಾ ಬಿದಿರುಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಾಲಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಚಿತ್ರದ ಮೇಲೆ ಮೆಲ್ಲಗೆ ಹೊರಳಿಸಿದಳು. ಹಳೆಯ ಚಿತ್ರಗಳ ಕೊಳೆ ಬಿಡಿಸುವವರಿಗೆ ಉಗುಳಿನಷ್ಟು ಒದಗಿ ಬರುವ ವಸ್ತು ಇನ್ನೊಂದಿಲ್ಲ. ಎಣ್ಣೆಬಣ್ಣ ಅದಕ್ಕೆ ಜಗ್ಗುವುದಿಲ್ಲ. ಆದರೆ ಈ ಚಿತ್ರದಲ್ಲಿ ಡಚ್ ಹಡಗಿನ ಕಪ್ತಾನನೊಬ್ಬನ ಹಿಂದಿದ್ದ ಕಂದು ಪರದೆ ಬೆಳಗಿನಿಂದ ಹತ್ತಿಗೆ ಅಂಟಿಕೊಂಡು ಬರುತ್ತಿತ್ತು. ಯಾರೋ ಆಮೇಲೆ ನೀರುಬಣ್ಣದಲ್ಲಿ ಬಳಿದ ಪರದೆ.

ಅದರಡಿಯಿಂದ ಒಬ್ಬ ಹುಡುಗಿಯ ಮುಖ ಎದ್ದು ಬಂದಿತ್ತು. ಕೊರಳಲ್ಲಿ ಕಬ್ಬಿಣದ ಪಟ್ಟಿ. ಕಿವಿಯ ಅಂಚಿನುದ್ದಕ್ಕೂ ಬರಿದಾದ ತೂತುಗಳು. ಮಂಗಳೂರಿನಲ್ಲಿ ವಿಯೋಲಾಳ ಅಜ್ಜಿ ಆಗ್ನೆಸ್‌ಗೂ ಕಿವಿಯ ಅಂಚಿನುದ್ದಕ್ಕೂ ಚುಚ್ಚಿಸಿದ್ದರು.

ಆಸ್ಟ್ರೇಲಿಯಾದ ಪ್ಯಾರಮಟ್ಟಾದಲ್ಲಿದ್ದ ಆ ಸ್ಟುಡಿಯೋದ ಮಾಲೀಕ ಸುದರ್ಶನ್ ಕಾಫಿ ಹಿಡಿದು ಬಂದವನು ಹಿಂದೆಯೇ ನಿಂತುಬಿಟ್ಟ.

"ಏನ್ರೀ ಇದು? ಕೊಳೆ ತೆಗೀರಿ ಅಂದ್ರೆ ಜನರನ್ನೇ ಹೊರಗೆ ಕರೀತಿದೀರಲ್ಲ!"

"ಹಿಂದೆ ಕೊಚ್ಚಿ ಕೋಟೆ ಇದೆ ನೋಡಿ, ಸರ್. ಈತ ಅಲ್ಲಿಂದ ಜಾವಾದ ಬಟೇವಿಯಾಕ್ಕೆ ಗುಲಾಮರನ್ನ ಸಾಗಿಸ್ತಿದ್ದ."

"ಚಿತ್ರ ಕೊಟ್ಟಿರೋ ಅವನ ಫ್ಯಾಮಿಲಿಯವ್ರು ಮೆಣಸಿನ ವ್ಯಾಪಾರ ಅಂತಾರೆ. ನಾಳೆ ನೋಡೋಕೆ ಬರ್ತಾರೆ. ಅಷ್ಟರಲ್ಲಿ ಪರದೆ ವಾಪಸ್ ಬಳೀರಿ."

"ಇವಳು?"

"ಅವಳು ಯಾವ ಕಾಲದೋಳೋ. ಈ ದೇಶದಲ್ಲೇ ನೆಲೆಸೋಕೆ ನಿಮಗೆ ಬೇಕಿರೋ ಪಿಆರ್ ಈ ವರ್ಷದ್ದು. ಸ್ಪಾನ್ಸರ್ ಮಾಡೋನು ನಾನು ಕಣ್ರೀ, ಆ ಹುಡುಗಿ ಅಲ್ಲ." ತಾನೇ ನಕ್ಕು ಒಳಗೆ ಹೋದ.

ಫೋನ್ ಮಿಣುಕಿತು. ಗಂಡ ಹ್ಯಾರಿಸ್. "ಪಿಆರ್ ಕಾಗದಕ್ಕೆ ಸರ್ ಸಹಿ ಹಾಕಿದ್ರಾ?"

ವಿಯೋಲಾ ಕಂದು ಬಣ್ಣ ಕಲಸಿದಳು. ಅದಕ್ಕೂ ಪರದೆಯ ಬಣ್ಣಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕುಂಚವನ್ನು ಹುಡುಗಿಯ ಹಣೆಯ ಹತ್ತಿರ ಒಯ್ದಳು. ಹುಡುಗಿ ಚಿತ್ರಕಾರನನ್ನು ನೋಡುತ್ತಿರಲಿಲ್ಲ. ಓರೆಗಣ್ಣಲ್ಲಿ ಕಪ್ತಾನನ ಕೈಯನ್ನೇ ಕಾಯುತ್ತಿದ್ದಳು. ವಿಯೋಲಾ ಆ ಕಣ್ಣಿನ ಜಾಡು ಹಿಡಿದಳು. ಕೊರಳಪಟ್ಟಿಯಿಂದ ಹೊರಟ ಸರಪಳಿ, ಒಂದೇ ಒಂದು ಕೊಂಡಿಯಷ್ಟು ಕಂಡು, ಇನ್ನೂ ಅಳಿಸದ ಪರದೆಯ ಕೆಳಗೆ ಮರೆಯಾಗಿತ್ತು. ಆಚೆ ತುದಿಯಲ್ಲಿ, ಪರದೆಯ ನೆರಿಗೆ ಹಿಡಿದಂತೆ ಕಾಣುವ ಕಪ್ತಾನನ ಮುಷ್ಟಿ. ಬಟ್ಟೆಯ ನೆರಿಗೆ ಹಿಡಿಯುವವರು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.

ಒಳಗಿನಿಂದ ಸುದರ್ಶನ್ ಕೂಗಿದ. "ಪರದೆ ಬಂತಾ?"

"ಆಗ್ತಿದೆ, ಸರ್."

ಹ್ಯಾರಿಸ್‌ಗೆ "ಇನ್ನೂ ಇಲ್ಲ, ನೀನು ಊಟ ಮಾಡು" ಎಂದು ಬರೆದಳು. ಕಲಸಿದ ಬಣ್ಣವನ್ನೆಲ್ಲ ಕಾಗದದಲ್ಲಿ ಒರೆಸಿ ಬುಟ್ಟಿಗೆ ಹಾಕಿದಳು. ನಾಳೆ ಆ ಮನೆಯವರು ಬರುವ ಹೊತ್ತಿಗೆ ಸರಪಳಿ ಆ ಮುಷ್ಟಿಯವರೆಗೂ ಕಾಣಬೇಕು. ಕುರ್ಚಿಯನ್ನು ಸದ್ದಾಗದಂತೆ ಕಪ್ತಾನನ ಕಡೆಗೆ ಎಳೆದುಕೊಂಡಳು.