ಅಣ್ಣನ ಮೀಟರು

ಮನೆಯ ಮೇನ್ ಸ್ವಿಚ್ ಇಳಿಸಿ ಹೊರಗೆ ಬಂದು ನೋಡಿದರೆ ಮೀಟರಿನ ಕೆಂಪು ದೀಪ ಇನ್ನೂ ಮಿಟುಕುತ್ತಲೇ ಇತ್ತು. ಒಳಗೆ ಫ್ಯಾನಿಲ್ಲ, ದೀಪವಿಲ್ಲ, ಫ್ರಿಜ್ಜು ಕೂಡ ಬಾಯಿ ಮುಚ್ಚಿಕೊಂಡು ಕೂತಿದೆ. ಮತ್ತೆ ಈ ದರಿದ್ರ ಮೀಟರು ಯಾರ ಲೆಕ್ಕ ಬರೆಯುತ್ತಿದೆ? ಅವನು ಸ್ಟೂಲಿನ ಮೇಲೆ ಹತ್ತಿ, ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದ. ದೀಪ ಅವನ ಮುಖಕ್ಕೇ ಮಿಟುಕಿತು. ಸಿಕ್ಕಿಬಿದ್ದ ಕಳ್ಳ, ಎಂದುಕೊಂಡ. ಖುಷಿಯಾಗಬೇಕಿತ್ತು, ಆಗಲಿಲ್ಲ. ಪಿತ್ತ ನೆತ್ತಿಗೇರಿತು.

ಊರವರು ಅವನನ್ನು ಕರೆಯುವುದು ಪವರ್‌ಹೌಸ್ ಎಂದು. ಊರಿನಾಚೆಯ ಅಣೆಕಟ್ಟಿನ ಬುಡದಲ್ಲಿ ವಿದ್ಯುತ್ ತಯಾರಿಸುವ ಕೇಂದ್ರದಲ್ಲಿ ಇಪ್ಪತ್ತಾರು ವರ್ಷದಿಂದ ಟರ್ಬೈನ್ ಆಪರೇಟರು. ಜಿಲ್ಲೆಯೆಲ್ಲ ಉರಿಯುವ ದೀಪ ತನ್ನ ಕೈಯಿಂದಲೇ ಹೋಗುತ್ತದೆ ಎಂದು ಮೊದಮೊದಲು ಅವನಿಗೂ ಜಂಬವಿತ್ತು. ಈಗ ಅದೇ ಶಾಪವಾಗಿತ್ತು. ವರ್ಷದಲ್ಲಿ ಎರಡು ಸಲ ದರ ಏರಿತ್ತು, ಎರಡು ಸಲವೂ ಏರಿಸಿದವನು ಇವನೇ ಎಂಬಂತೆ ಜನ ನೋಡಿದ್ದರು. ಕ್ಷೌರದಂಗಡಿಯವನು ಕತ್ತಿಯನ್ನು ಗಂಟಲ ಹತ್ತಿರ ಹಿಡಿದುಕೊಂಡೇ ಯೂನಿಟ್ಟಿಗೆ ಇಷ್ಟ್ಯಾಕೆ ಎಂದು ಕೇಳಿದ. ತರಕಾರಿಯವಳು, ನಮ್ಮೂರಿನ ನೀರು, ನಮ್ಮೂರಿನ ಅಣೆಕಟ್ಟು, ನಮಗೇ ಇಷ್ಟು ದರ ಹಾಕೋಕೆ ನಿಮಗೆ ಮನಸ್ಸಾದರೂ ಹೇಗೆ ಬರುತ್ತೆ ಎಂದು ಮುಖದ ಮೇಲೆ ಹೇಳಿದಳು. ತಾನು ಚಕ್ರ ತಿರುಗಿಸುವವನು, ದರ ತಿರುಗಿಸುವವನಲ್ಲ, ತನಗೂ ಬಿಲ್ಲು ಬರುತ್ತದೆ, ಅದನ್ನು ನೋಡಿದರೆ ನೀವೇ ಕರುಣೆಯಿಂದ ಎರಡು ಟೊಮೆಟೊ ಹೆಚ್ಚು ಹಾಕುತ್ತೀರಿ ಎಂದು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಿಲ್ಲೇನೋ ಹಾಗೇ ಬರುತ್ತಿತ್ತು. ಗಂಡ ಹೆಂಡತಿ ಇಬ್ಬರೇ ಇರುವ ಮನೆ, ತಿಂಗಳಿಗೆ ಎಪ್ಪತ್ತು ಯೂನಿಟ್ಟು ದಾಟಿದ್ದೇ ಇಲ್ಲ. ಹನ್ನೊಂದು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಮುನ್ನೂರು ದಾಟಿತು. ಮುನ್ನೂರೆಂದರೆ ಸುಮ್ಮನೆ ಅಲ್ಲ, ಮೇಲೆ ಹೋದಷ್ಟೂ ಒಂದೊಂದು ಯೂನಿಟ್ಟಿನ ದರವೂ ಮೇಲೆ ಹೋಗುತ್ತದೆ. ಅವನು ಮೊದಲು ಗೀಸರಿನ ವೈರು ಕಿತ್ತ. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಅಟ್ಟಕ್ಕೆ ಸೇರಿಸಿ, ಸುಕ್ಕು ಬಿದ್ದ ಸಮವಸ್ತ್ರದಲ್ಲೇ ಡ್ಯೂಟಿಗೆ ಹೋದ. ಹಾಸಿಗೆಯ ಕೆಳಗಿಟ್ಟರೆ ಪ್ಯಾಂಟು ತಾನೇ ಮಡಿಕೆ ಹಿಡಿಯುತ್ತದೆ ಎಂದು ಹೆಂಡತಿಗೆ ಪಾಠ ಹೇಳಿದ. ಹಗಲು ಫ್ಯಾನು ಹಾಕಿದರೆ ಮುಖ ಗಂಟಿಕ್ಕುತ್ತಿದ್ದ. ಅವಳು ಕೋಣೆಯಿಂದ ಕೋಣೆಗೆ ಹೋದರೆ ಹಿಂದೆಯೇ ಹೋಗಿ ಸ್ವಿಚ್ ಆರಿಸುತ್ತಿದ್ದ. ಬೆಳಕು ತಯಾರಿಸುವವನನ್ನು ಕಟ್ಟಿಕೊಂಡು ಮೂವತ್ತು ವರ್ಷ ಬಾಳಿದ್ದಕ್ಕೆ ಈಗ ತಡಕಾಡಿಕೊಂಡು ಒಗ್ಗರಣೆ ಹಾಕುವ ಯೋಗ ಬಂತು ಎಂದು ಅವಳು ಪಾತ್ರೆಗಳಿಗೆ ಕೇಳಿಸುವಂತೆ ಹೇಳುತ್ತಿದ್ದಳು. ಇಷ್ಟೆಲ್ಲ ಮಾಡಿದರೂ ಮುಂದಿನ ಬಿಲ್ಲು ಮುನ್ನೂರ ಹನ್ನೆರಡು.

ಅನುಮಾನ ತಮ್ಮನ ಮೇಲೆ ಬಂದದ್ದು ಸುಮ್ಮನೆ ಅಲ್ಲ. ಆರು ವರ್ಷದ ಹಿಂದೆ ಅಣ್ಣತಮ್ಮಂದಿರು ಪಾಲಾದಾಗ ಒಂದೇ ಮನೆಗೆ ನಡುವೆ ಗೋಡೆ ಎದ್ದು ಎರಡು ಮನೆಯಾಗಿತ್ತು. ಎರಡು ಬಾಗಿಲುಗಳ ನಡುವೆ ವಿದ್ಯುತ್ ಕಂಪನಿಯವರು ಎರಡು ಮೀಟರು ಕೂರಿಸಿ, ಕೆಳಗೆ ಎರಡು ಫ್ಯೂಸು ಹಾಕಿ ಹೋದರು. ಅಲ್ಲಿಂದ ಒಳಗಿನ ವೈರು ಸೇರಿಸಲು ಎಲೆಕ್ಟ್ರಿಷಿಯನ್ ಕರೆಯೋಣ ಎಂದು ತಮ್ಮ ಹೇಳಿದ್ದ. ಇಡೀ ಜಿಲ್ಲೆಗೆ ಕರೆಂಟು ಕೊಡುವವನ ಮನೆಗೆ ಎಲೆಕ್ಟ್ರಿಷಿಯನ್ ಯಾಕೆ ಎಂದು ಇವನೇ ಸ್ಟೂಲು ಹತ್ತಿದ್ದ. ಪಾಲಿನ ಜಗಳದ ಕಾವು ಇನ್ನೂ ಆರಿರಲಿಲ್ಲ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಕೈ ಒರೆಸಿಕೊಂಡ. ಯಾವ ಮನೆದು ಯಾವುದು ಅಂತ ಒಂದ್ಸಲ ಸ್ವಿಚ್ ಹಾಕಿ ನೋಡಣ್ಣ ಎಂದು ತಮ್ಮ ಕೆಳಗಿನಿಂದ ಅಂದದ್ದಕ್ಕೆ, ನನಗೇ ಹೇಳಿಕೊಡ್ತೀಯಾ ಎಂದು ಗದರಿದ್ದ. ತಮ್ಮ ಪೇಂಟರು. ಮರುದಿನ ಒಂದು ಪೆಟ್ಟಿಗೆಯ ಮೇಲೆ ‘ಅಣ್ಣ’, ಇನ್ನೊಂದರ ಮೇಲೆ ‘ತಮ್ಮ’ ಎಂದು ನೀಲಿ ಬಣ್ಣದಲ್ಲಿ ದುಂಡಗೆ ಬರೆದ. ಅಕ್ಷರಗಳು ಇವತ್ತಿಗೂ ಮಾಸಿಲ್ಲ.

ಅಮ್ಮ ತಮ್ಮನ ಮನೆಯಲ್ಲಿದ್ದಳು. ಹನ್ನೊಂದು ತಿಂಗಳ ಹಿಂದೆ ಅವಳ ಶ್ವಾಸಕೋಶ ಸೋತು, ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಒಂದು ಮಷೀನನ್ನು ಬಾಡಿಗೆಗೆ ತಂದರು. ಅದು ಹಗಲೂ ರಾತ್ರಿ ಓಡಬೇಕು. ಕರೆಂಟಿಗೆ ಅರ್ಧ ನೀನು ಹಾಕಬೇಕಾಗುತ್ತೆ ಎಂದು ತಮ್ಮ ಕೇಳಿದಾಗ ಇವನು, ಮೊದಲು ಬಿಲ್ಲು ಬರಲಿ ನೋಡೋಣ ಎಂದ. ಹೌದು, ಹಾಗೇ ಅಂದ, ಹೆತ್ತ ತಾಯಿಯ ಉಸಿರಿನ ವಿಷಯದಲ್ಲಿ. ಬಿಲ್ಲು ಬಂತು. ತಮ್ಮ ಅದನ್ನು ಹಿಡಿದುಕೊಂಡು ಬಾಗಿಲಿಗೇ ಬಂದು, "ಅರವತ್ತೆಂಟು ಯೂನಿಟ್ಟು. ನಿನ್ನ ಒಂದು ಪೈಸೆಯೂ ಬೇಡ, ಹೋಗು" ಎಂದು ಹೇಳಿ ಹೋದ. ಆವತ್ತಿನಿಂದ ಮಾತಿಲ್ಲ. ಇವನು ಗೋಡೆಯಾಚೆಗೆ ಕಾಲಿಟ್ಟಿರಲಿಲ್ಲ.

ಇಡೀ ದಿನ ಓಡುವ ಮಷೀನಿರುವ ಮನೆಗೆ ಅರವತ್ತೆಂಟು, ಕತ್ತಲಲ್ಲಿ ಕೂರುವ ಮನೆಗೆ ಮುನ್ನೂರು. ಎಳೇ ಮಗುವಿಗೂ ಗೊತ್ತಾಗುವ ಲೆಕ್ಕ. ತನ್ನ ಮೀಟರಿನಾಚೆ ಎಲ್ಲೋ ಗೋಡೆಯೊಳಗೆ ತಮ್ಮ ಕೊಕ್ಕೆ ಹಾಕಿ ಕರೆಂಟು ಕದಿಯುತ್ತಿದ್ದಾನೆ ಎಂದು ಇವನು ತೀರ್ಮಾನಿಸಿದ. ನಿನ್ನೆ ವಿದ್ಯುತ್ ಕಂಪನಿಯ ಕಚೇರಿಗೆ ಹೋಗಿ ಇಂಜಿನಿಯರನ್ನು ಕಂಡ. ಇಂಜಿನಿಯರು ಕರೆಂಟು ಕಳವಿನ ದೂರಿನ ಫಾರಂ ಕೊಟ್ಟು, ಮೇನ್ ಇಳಿಸಿ ನೋಡಿ, ಮೀಟರು ಓಡಿದರೆ ಫ್ಯೂಸನ್ನೂ ಕಿತ್ತು ನೋಡಿ, ಆಗ ನಿಂತರೆ ಕೊಕ್ಕೆ ಫ್ಯೂಸಿನಾಚೆ ಇದೆ ಅಂತ ಅರ್ಥ ಎಂದ. ಆಮೇಲೆ ಕನ್ನಡಕ ತೆಗೆದು ಹೇಳಿದ: "ಕೊಟ್ಟ ದೂರು ವಾಪಸ್ ತಗೊಳ್ಳೋಕಾಗಲ್ಲ. ಅದೇ ದಿನ ಅವರ ಕನೆಕ್ಷನ್ ಕತ್ತರಿಸ್ತೀವಿ. ಯೋಚನೆ ಮಾಡಿ ಕೊಡಿ." ಅಮ್ಮನ ಮಷೀನು ನೆನಪಿಗೆ ಬಂದಿತ್ತು. ಕರೆಂಟು ಹೋದರೆ ಅಂತ ಇಟ್ಟ ಆಮ್ಲಜನಕದ ಸಿಲಿಂಡರ್ ಇದೆಯಲ್ಲ, ಎರಡು ದಿನ ನಡೆಯುತ್ತೆ, ಅಷ್ಟರಲ್ಲಿ ಅವನಿಗೆ ಬುದ್ಧಿ ಬರುತ್ತೆ ಎಂದು ತಳ್ಳಿಹಾಕಿ, ರಾತ್ರಿಯೇ ಫಾರಂ ತುಂಬಿದ್ದ. ಅನುಮಾನವಿರುವ ವ್ಯಕ್ತಿ ಎಂಬಲ್ಲಿ ತಮ್ಮನ ಹೆಸರು, ಸಂಬಂಧ ಎಂಬಲ್ಲಿ ಸ್ವಂತ ತಮ್ಮ. ಅದು ಈಗ ಅವನ ಅಂಗಿಯ ಜೇಬಿನಲ್ಲಿತ್ತು.

ಉಳಿದದ್ದು ಫ್ಯೂಸು. ‘ಅಣ್ಣ’ ಎಂದು ಬರೆದ ಪೆಟ್ಟಿಗೆಯ ಕೆಳಗಿನ ಬಿಳಿ ಪಿಂಗಾಣಿ ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ಅವನ ಮನೆಯೊಳಗೆ ಮಿಕ್ಸಿ ಗುರ್ರೆಂದಿತು. ಮೇನ್ ಮುಟ್ಟಬೇಡ ಎಂದು ಕೈಮುಗಿದು ಹೇಳಿ ಬಂದಿದ್ದ. ಹೆಂಡತಿ ಎಷ್ಟು ಹೊತ್ತು ಕಾಯುತ್ತಾಳೆ, ಸ್ವಿಚ್ ಎತ್ತಿ ಚಟ್ನಿ ರುಬ್ಬಲು ಶುರುಮಾಡಿದ್ದಳು.

"ಆರಿಸೇ ಅದನ್ನ! ಇಲ್ಲಿ ಪರೀಕ್ಷೆ ಮಾಡ್ತಾ ಇದೀನಿ."

"ಹನ್ನೊಂದು ತಿಂಗಳಿಂದ ಪರೀಕ್ಷೇನೇ ಮಾಡ್ತಾ ಇದೀರಿ. ಊಟಕ್ಕೇನು ಮೀಟರು ಬಡಿಸಲಾ?"

ಹಾಳಾಗಿ ಹೋಗಲಿ, ಫ್ಯೂಸು ಕಿತ್ತರೆ ಮಿಕ್ಸಿ ತಾನೇ ನಿಲ್ಲುತ್ತದೆ ಎಂದು ಅವನು ಹಲ್ಲು ಕಚ್ಚಿ ಹಿಡಿಕೆಯನ್ನು ಎಳೆದ. ಅದು ಕೈಗೆ ಬಂತು. ಕೆಂಪು ದೀಪದ ಮಿಟುಕು ನಿಂತಿತು.

ಮಿಕ್ಸಿ ನಿಲ್ಲಲಿಲ್ಲ.

ಅವನಿಗೆ ಅರ್ಥವಾಗಲಿಲ್ಲ. ಫ್ಯೂಸು ತನ್ನ ಕೈಯಲ್ಲಿದೆ, ಬೆನ್ನ ಹಿಂದೆ ತನ್ನದೇ ಅಡುಗೆಮನೆಯಲ್ಲಿ ಮಿಕ್ಸಿ ಜೋರಾಗಿ ತಿರುಗುತ್ತಿದೆ. ಪಕ್ಕದ ‘ತಮ್ಮ’ ಪೆಟ್ಟಿಗೆಯ ಕಡೆ ಕಣ್ಣು ಹೋಯಿತು. ಅದರ ದೀಪ ಒಂದೇ ಸಮನೆ ಮಿಟುಕುತ್ತಿತ್ತು, ಮಿಕ್ಸಿ ನಿಂತಾಗ ನಿಧಾನವಾಯಿತು, ಮತ್ತೆ ತಿರುಗಿದಾಗ ಮತ್ತೆ ಅವಸರ ಹಿಡಿಯಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ಕೂಗು ಬಂತು. ಮನುಷ್ಯರದ್ದಲ್ಲ, ಕರೆಂಟು ಹೋದರೆ ಮಷೀನು ಹಾಕುವ ಕೂಗು, ಉದ್ದಕ್ಕೆ, ಬಿಡದೆ. ಯಾರೋ ಓಡಿದ ಸದ್ದು. ಸಿಲಿಂಡರಿಗೆ ಕಬ್ಬಿಣದ ಕೀಲಿ ಬಡಿದ ಸದ್ದು.

ಅಣೆಕಟ್ಟಿನ ಬುಡದಲ್ಲಿ ಸಾವಿರಾರು ಮನೆಗಳ ಹೊರೆಯನ್ನು ಒಂದು ಗುಂಡಿಯಿಂದ ಎತ್ತಿ ಇಳಿಸುವ ಕೈ ಇಲ್ಲಿ ಒಂದು ಫ್ಯೂಸನ್ನು ಅದರ ತೂತಿಗೆ ಹಾಕಲಾರದೆ ತಡಕಾಡಿತು. ಮೊದಲು ಓರೆಯಾಗಿ ತಾಗಿತು, ಆಮೇಲೆ ಜಾರಿತು. ಎರಡೂ ಕೈಯಿಂದ ಒತ್ತಿದಾಗ ಕೂತಿತು. ಕೂಗು ನಿಂತು, ಮಷೀನು ಎರಡು ಸಲ ಕೆಮ್ಮಿ ಓಡತೊಡಗಿತು.

ಸ್ಟೂಲಿನ ಮೇಲೆ ನಿಂತಲ್ಲೇ ಅವನಿಗೆ ಆ ದಿನದ ನಾಲ್ಕು ವೈರುಗಳು ಕಣ್ಣಿಗೆ ಕಟ್ಟಿದವು. ನಾಲ್ಕಕ್ಕೂ ಒಂದೇ ಬಣ್ಣ, ಒಂದೇ ಪೈಪಿನಿಂದ ಹೊರಬಂದಿದ್ದವು. ಕೆಲಸ ಕಲಿತ ಮೊದಲ ವಾರದ ಹುಡುಗ ಕೂಡ ಗುರುತಿಗೆ ಒಂದು ಟೇಪು ಸುತ್ತುತ್ತಿದ್ದ. ಇವನು ಸುತ್ತಿರಲಿಲ್ಲ. ಆರು ವರ್ಷದಿಂದ ಇವನ ಬಿಲ್ಲು ಅವನು, ಅವನ ಬಿಲ್ಲು ಇವನು ಕಟ್ಟಿದ್ದರು. ಎರಡೂ ಮನೆಯದು ಹೆಚ್ಚುಕಡಿಮೆ ಒಂದೇ ಇದ್ದಷ್ಟು ದಿನ ಯಾರಿಗೂ ತಿಳಿಯಲಿಲ್ಲ. ಕೊಕ್ಕೆಯೂ ಇಲ್ಲ, ಕಳ್ಳನೂ ಇಲ್ಲ. ಅವನಿಗೆ ಎಷ್ಟು ನಾಚಿಕೆಯಾಯಿತೆಂದರೆ, ಬೀದಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿರುಗಿ ನೋಡಿದ.

ಪಕ್ಕದ ಬಾಗಿಲು ತೆರೆದು ತಮ್ಮನ ಹೆಂಡತಿ ಹೊರಗೆ ಬಂದಳು. ಹಣೆಯಲ್ಲಿ ಬೆವರು, ಕೈಯಲ್ಲಿ ಇನ್ನೂ ಸಿಲಿಂಡರಿನ ಕೀಲಿ.

"ನಿಮ್ಮಲ್ಲೂ ಹೋಗಿತ್ತಾ ಭಾವ?"

"ಹೋಗಿ ಬಂತು" ಎಂದ. ಹಿಂದೆ ಮಿಕ್ಸಿ ಇನ್ನೂ ಓಡುತ್ತಲೇ ಇತ್ತು, ಪುಣ್ಯಕ್ಕೆ ಅವಳು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಒಳಗಿನಿಂದ ಅಮ್ಮ ಯಾರದು ಎಂದು ಕೇಳಿದಳು. ಸೊಸೆ ಹೇಳಿದಳು. ಆಮೇಲೆ ಹೊರಗೆ ನಿಲ್ಲಲು ಅವನಿಗೆ ಆಗಲಿಲ್ಲ, ಚಪ್ಪಲಿ ಬಿಟ್ಟು ಹನ್ನೊಂದು ತಿಂಗಳ ನಂತರ ಆ ಹೊಸಿಲು ದಾಟಿದ. ಕಿಟಕಿಯ ಪಕ್ಕದ ಮಂಚದಲ್ಲಿ ಅಮ್ಮ ಮೂರು ದಿಂಬಿಗೆ ಒರಗಿದ್ದಳು. ಮೂಗಿನಿಂದ ಇಳಿದ ಸಣ್ಣ ಕೊಳವೆ ನೆಲದ ಮೇಲೆ ಸುತ್ತಿಕೊಂಡು, ಸೂಟ್‌ಕೇಸಿನಷ್ಟು ಎತ್ತರದ ಮಷೀನಿಗೆ ಸೇರಿತ್ತು. ಗೋಡೆಯ ಮೊಳೆಯಲ್ಲಿ ಕರೆಂಟಿನ ಬಿಲ್ಲುಗಳನ್ನು ತಂತಿಗೆ ಚುಚ್ಚಿ ನೇತುಹಾಕಿದ್ದರು. ಮೇಲಿನದರಲ್ಲಿ ಐವತ್ತೊಂದು ಯೂನಿಟ್ಟು ಎಂದಿತ್ತು. ಗೀಸರಿಲ್ಲದ, ಇಸ್ತ್ರಿಯಿಲ್ಲದ, ಫ್ಯಾನಿಲ್ಲದ ಐವತ್ತೊಂದು. ಅವನಿಗೆ ತನ್ನದೆಂದು ಗುರುತು ಸಿಕ್ಕಿತು.

ಅವನು ಅದನ್ನೇ ನೋಡುತ್ತಿದ್ದದ್ದನ್ನು ಕಂಡು ತಮ್ಮನ ಹೆಂಡತಿ ತಾನಾಗಿಯೇ ಹೇಳಿದಳು. ಈ ಮಷೀನು ಕರೆಂಟು ತಿನ್ನುತ್ತೆ ಅಂತ ಎಲ್ಲರೂ ಹೆದರಿಸಿದ್ದರಂತೆ. ಬಾಡಿಗೆ ಕಟ್ಟುವಷ್ಟರಲ್ಲೇ ಸಾಕಾಗಿ ಹೋಗುತ್ತೆ, ಮಳೆ ಹಿಡಿದರೆ ಪೇಂಟಿನ ಕೆಲಸವೂ ಇರಲ್ಲವಂತೆ. "ಬಿಲ್ಲು ಜಾಸ್ತಿ ಬಂದ್ರೆ ಮಷೀನು ವಾಪಸ್ ಕೊಟ್ಟು ಅತ್ತೇನ ಆಸ್ಪತ್ರೆ ವಾರ್ಡಿಗೆ ಸೇರಿಸೋಣ ಅಂತ ಮಾತಾಡ್ಕೊಂಡಿದ್ವಿ ಭಾವ. ಹೆಂಗೋ ಬರ್ಲಿಲ್ಲ."

ಅಮ್ಮ ಕೈಯಾಡಿಸಿ ಅವನನ್ನು ಹತ್ತಿರ ಕರೆದಳು. ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಿತ್ತು. "ಇವರಿಬ್ಬರೂ ನಗ್ತಾರೆ. ನಾನು ಬಂದೋರಿಗೆಲ್ಲ ಹೇಳ್ತೀನಿ. ಇದು ನನ್ನ ದೊಡ್ಡ ಮಗ ಕಳಿಸೋ ಕರೆಂಟು ಅಂತ." ಒಂದು ಗಳಿಗೆ ಸುಧಾರಿಸಿಕೊಂಡು, "ಈಗ ಯಾಕೋ ನಿಲ್ಲಿಸಿದ್ದೆ?" ಎಂದಳು.

ಅವನು ಕೊಳವೆಯ ಮೇಲೆ ಕಾಲಿಡದಂತೆ ನೋಡಿಕೊಂಡು, ಅವಳ ದಿಂಬು ಸರಿಮಾಡಿ ಹೊರಗೆ ಬಂದ.

ಸ್ಟೂಲು ಅಲ್ಲೇ ಇತ್ತು. ಮುಚ್ಚಳ ಬಿಚ್ಚಲು ತಂದಿದ್ದ ಸ್ಕ್ರೂಡ್ರೈವರ್ ಪೆಟ್ಟಿಗೆಯ ಮೇಲೇ ಇತ್ತು. ವೈರು ಅದಲುಬದಲು ಮಾಡಲು ಹತ್ತು ನಿಮಿಷ ಬೇಕಿರಲಿಲ್ಲ. ಮಾಡಿದರೆ ಮುಂದಿನ ತಿಂಗಳು ಮುನ್ನೂರರ ಬಿಲ್ಲು ಆ ತಂತಿಗೆ ಚುಚ್ಚಿಸಿಕೊಳ್ಳುತ್ತದೆ, ಅದರ ಮುಂದಿನ ತಿಂಗಳು ಮಂಚ ಖಾಲಿಯಾಗುತ್ತದೆ. ಮಾಡದೆ ಹೇಳಿಬಿಟ್ಟರೆ? ನಿನ್ನ ಒಂದು ಪೈಸೆಯೂ ಬೇಡ ಎಂದವನು ಮಷೀನನ್ನು ಅವತ್ತೇ ವಾಪಸ್ ಕಳಿಸಿ, ತಾನೇ ಹೊತ್ತುಕೊಂಡು ಹೋಗಿ ಅಮ್ಮನನ್ನು ವಾರ್ಡಿಗೆ ಸೇರಿಸುವ ಪೈಕಿ. ತಮ್ಮ ಯಾರ ತಮ್ಮ ಅಂತ ಇವನಿಗೆ ಗೊತ್ತಿಲ್ಲವೇ. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ, ಪೆಟ್ಟಿಗೆಯ ಮುಚ್ಚಳ ಮುಚ್ಚಿ, ಸ್ಟೂಲು ಎತ್ತಿಕೊಂಡು ಒಳಗೆ ನಡೆದ.

ಹೆಂಡತಿ ತಟ್ಟೆ ಇಡುತ್ತಾ, ಕಳ್ಳ ಸಿಕ್ಕಿದನಾ ಎಂದು ಕೇಳಿದಳು.

"ಇಲ್ಲ. ಮೀಟರು ಸರಿಯಾಗೇ ಇದೆ."

"ಮತ್ತೆ ಅಷ್ಟು ಬಿಲ್ಲು?"

"ಬರುತ್ತೆ. ಕಟ್ಟೋಣ."

ಅವಳು ಸೌಟು ಹಿಡಿದುಕೊಂಡೇ ಅವನ ಮುಖ ನೋಡಿದಳು. ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿಯೂ ನೋಡಿದಳು. ಆಮೇಲೆ ಸೌಟು ಕೆಳಗಿಟ್ಟು, ಹೇಗೂ ಕಟ್ಟುವ ದುಡ್ಡು ಕಟ್ಟಲೇಬೇಕಾದರೆ ತಾನು ಬೇಯುವುದು ಯಾಕೆ, ಹನ್ನೊಂದು ತಿಂಗಳ ಗಾಳಿ ಇವತ್ತೇ ಬರಲಿ ಎಂದು ಎದ್ದು ಹೋಗಿ ಫ್ಯಾನನ್ನು ಐದಕ್ಕೆ ತಿರುಗಿಸಿದಳು. ಬಂದು ಅದರ ಕೆಳಗೇ ಕೂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಕಣ್ಣು ಮುಚ್ಚಿದಳು.

ಅವನು ಎರಡು ತುತ್ತು ಉಂಡ. ಗೋಡೆಯಾಚೆ ಮಷೀನು ಓಡುವುದು ಸಣ್ಣಗೆ ಕೇಳುತ್ತಿತ್ತು. ಇಷ್ಟು ದಿನ ಅದು ತನ್ನ ಕಿವಿಗೆ ಬಿದ್ದೇ ಇರಲಿಲ್ಲವಲ್ಲ ಎನಿಸಿತು. ತಲೆಯ ಮೇಲೆ ಫ್ಯಾನು ತಿರುಗುವುದನ್ನು ನೋಡಿದ, ಮತ್ತೆ ಗೋಡೆಯನ್ನು ನೋಡಿದ. ಎಡಗೈಯೂರಿ ಎದ್ದು ಹೋಗಿ ಸ್ವಿಚ್ ಆರಿಸಿದ.

ಅವಳು ಕಣ್ಣು ಬಿಟ್ಟಳು.

"ಇನ್ನೂ ಯಾರಿಗೋಸ್ಕರ ಉಳಿಸ್ತೀರ ರೀ ಇದನ್ನ?"

ಫ್ಯಾನಿನ ರೆಕ್ಕೆಗಳು ನಿಧಾನವಾಗಿ, ಒಂದೊಂದೂ ಬೇರೆಬೇರೆ ಕಾಣುವಂತಾಗಿ, ನಿಂತವು. ಅವನು ಅವಳ ಪಕ್ಕದಲ್ಲಿ ಬಂದು ಕೂತ. ಎಂಜಲಾಗದ ಕೈಯಿಂದ ಅಂಗಿಯ ಜೇಬಿನಲ್ಲಿದ್ದ ಫಾರಂ ತೆಗೆದು, ತೊಡೆಯ ಮೇಲಿಟ್ಟು ಬರಹ ಒಳಗೆ ಹೋಗುವಂತೆ ಉದ್ದಕ್ಕೆ ಮಡಚಿದ. ಮಡಿಕೆ ಗಟ್ಟಿಯಾಗಲೆಂದು ಮೇಲೆ ಉಗುರು ಎಳೆದ. ಆಮೇಲೆ ಅದರಿಂದ ಅವಳಿಗೆ ಗಾಳಿ ಬೀಸತೊಡಗಿದ.